ಕುಂಡದ ಕೆಳಗಿನ ತಟ್ಟೆ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಧಾರಾಳಪ್ಪ ಎಂದೇ ಕರೆಯುತ್ತಿದ್ದರು. ಕೋಸು ಕೊಳ್ಳಲು ಬಂದವರಿಗೆ ಒಂದು ಹಿಡಿ ಸೊಪ್ಪನ್ನು ಕೊಸರು ಹಾಕಿ ಕಳಿಸುವ ಆಸಾಮಿ. ಮನೆ ಪಕ್ಕದ ತನ್ನ ತರಕಾರಿ ತೋಟದ ಗಿಡಗಳ ವಿಷಯದಲ್ಲೂ ಅವನ ಕೈ ಬಿಗಿಯಲ್ಲ. ಎಲೆ ಹಳದಿಯಾಯಿತೋ, ಯೂರಿಯಾ ಎರಚುತ್ತಿದ್ದ. ಗೊಬ್ಬರ ಚೆನ್ನಾಗಿ ಇಳಿಯಲಿ ಎಂದು ಮಡಿ ತುಂಬಿ ತುಳುಕುವಷ್ಟು ನೀರು ಬಿಡುತ್ತಿದ್ದ. ಸ್ವಲ್ಪ ದಿನಕ್ಕೆ ಎಲೆ ಮತ್ತೆ ಹಳದಿ, ಇವನದು ಮತ್ತೆ ಯೂರಿಯಾ.

ಈಗ ಮಗಳು ಹಸುಗೂಸಿನೊಂದಿಗೆ ಮನೆಗೆ ಬಂದಿದ್ದಳು. ಎದೆಹಾಲು ಸಾಲದೆ ಪುಡಿಹಾಲನ್ನೂ ಕೊಡಬೇಕಾಗಿತ್ತು. ತೋಟದ ಮಗ್ಗುಲಲ್ಲಿ ಧಾರಾಳಪ್ಪನ ಅಪ್ಪ ತೋಡಿಸಿದ ಬಾವಿಯ ನೀರನ್ನೇ ಮೊಮ್ಮಗಳು ಕುಡಿಯಬೇಕೆಂಬುದು ತಾತನ ಆಸೆ. ಅಜ್ಜಿ ಆ ನೀರನ್ನು ಅರ್ಧಕ್ಕೆ ಇಳಿಯುವ ತನಕ ಕುದಿಸಿ ಹಾಲು ಕಲಸುತ್ತಿದ್ದಳು.

ಮಗುವಿಗೆ ಲಸಿಕೆ ಹಾಕಲು ಬಂದ ನರ್ಸಮ್ಮ ಒಮ್ಮೆ ತೋಟದ ಹಳದಿ ಎಲೆ, ಯೂರಿಯಾ ಚೀಲ ನೋಡಿದಳು, ಒಮ್ಮೆ ಬಾವಿ ನೋಡಿದಳು.

“ಮಗುವಿನ ಹಾಲಿಗೆ ಈ ನೀರೇನಾ? ಯಾವಾಗಿಂದ ಕೊಡ್ತಿದೀರಾ?”

“ನಿನ್ನೆಯಿಂದ,” ಎಂದಳು ಮಗಳು.

“ಪರೀಕ್ಷೆ ಮಾಡಿಸೋ ತನಕ ಬೇಡಮ್ಮ. ಗೊಬ್ಬರದ ಅಂಶ ಇದ್ರೆ ಎಳೆ ಮಕ್ಕಳ ರಕ್ತಕ್ಕೆ ಉಸಿರು ಹೊರೋ ಶಕ್ತಿ ಕಮ್ಮಿ ಆಗುತ್ತೆ. ತುಟಿ, ಉಗುರು ನೀಲಿಗಟ್ಟುತ್ತೆ. ಜೀವಕ್ಕೇ ಅಪಾಯ.”

ಧಾರಾಳಪ್ಪ ಮೊಮ್ಮಗಳ ತುಟಿಯತ್ತ ಬಗ್ಗಿದ. ನರ್ಸಮ್ಮ ಮಗುವನ್ನು ಬೆಳಕಿಗೆ ಹಿಡಿದು ತುಟಿ ನೋಡಿದಳು, ಪುಟ್ಟ ಬೆರಳುಗಳನ್ನು ಬಿಡಿಸಿ ಉಗುರು ನೋಡಿದಳು.

“ಸದ್ಯ, ಮಗು ಚೆನ್ನಾಗಿದೆ. ನೀಲಿ ಕಂಡ್ರೆ ಮಾತ್ರ ಒಂದು ಕ್ಷಣಾನೂ ಕಾಯಬೇಡಿ, ಆಸ್ಪತ್ರೆಗೆ ಓಡಿ.”

ಹೋದ ಜೀವ ಬಂದಂತಾಯಿತು ಅವನಿಗೆ. ಜೀವ ಬಂದದ್ದೇ ತಡ, ವಾದವೂ ಬಂತು.

“ನಾನು ಗೊಬ್ಬರ ಹಾಕಿದ್ದು ಗಿಡಕ್ಕೆ ಕಣಮ್ಮ, ಬಾವಿಗಲ್ಲ.”

ನರ್ಸಮ್ಮ ನಕ್ಕು, ಬಾಗಿಲ ಬಳಿ ತಟ್ಟೆಯ ಮೇಲಿದ್ದ ಮಣ್ಣಿನ ಕುಂಡವನ್ನು ಎಳೆದುಕೊಂಡಳು. ಗಿಡ ಒಣಗಿಹೋದ ಕುಂಡ ಅದು. ಅಜ್ಜಿಯಿಂದ ಒಂದು ಹಿಡಿ ಉಪ್ಪು ಇಸಿದುಕೊಂಡು ಮಣ್ಣಿನ ಮೇಲೆ ಹರಡಿದಳು.

“ತೋಟಕ್ಕೆ ಬಿಡೋ ಹಾಗೇ ನೀರು ಹಾಕಿ, ಯಜಮಾನ್ರೇ.”

ಅವನು ಕೊಡ ಎತ್ತಿ ಸುರಿದ. ಕಮ್ಮಿ ಹಾಕಿ ಅವನಿಗೆ ಅಭ್ಯಾಸವೆಲ್ಲಿ? ಕುಂಡದ ತೂತಿನಿಂದ ಇಳಿದ ನೀರು ತಟ್ಟೆ ತುಂಬಿತು.

“ಬೆರಳದ್ದಿ ರುಚಿ ನೋಡಿ.”

ನೋಡಿದವನ ಮುಖ ಹುಳ್ಳಗಾಯಿತು. “ಬರೀ ಉಪ್ಪು.”

“ಯೂರಿಯಾ ಮಣ್ಣಲ್ಲಿ ನೈಟ್ರೇಟ್ ಆಗುತ್ತೆ. ಅದು ಮಣ್ಣಿಗೆ ಅಂಟಿಕೊಳ್ಳಲ್ಲ, ನೀರಿನ ಬೆನ್ನು ಹತ್ತಿ ಹೋಗುತ್ತೆ. ಬೇರು ಬಾಯಿ ತೆರೆಯೋಕ್ ಮುಂಚೆನೇ ಕೆಳಗಿಳಿದಿರುತ್ತೆ. ಅದಕ್ಕೇ ನಿಮ್ಮ ಎಲೆ ಮತ್ತೆ ಮತ್ತೆ ಹಳದಿ.”

ಧಾರಾಳಪ್ಪ ತಟ್ಟೆಯನ್ನೇ ನೋಡುತ್ತ ಕುಳಿತ. “ಹಂಗಾದ್ರೆ ನಮ್ಮ ತೋಟದ ತಟ್ಟೆ ಯಾವುದು?” ಎಂದು ಕೇಳಿದವನು ತಾನೇ ಬಾವಿಯ ಕಡೆ ತಿರುಗಿದ.

“ನಾನು ಚೆನ್ನಾಗಿ ಕುದಿಸಿದೀನಲ್ಲ?” ಎಂದಳು ಅಜ್ಜಿ.

“ಉಪ್ಪುನೀರು ಬತ್ತಿಸಿದ್ರೆ ಉಪ್ಪು ಕಮ್ಮಿ ಆಗುತ್ತಾ ಅಜ್ಜಿ?”

“ಜಾಸ್ತಿಯಾಗುತ್ತೆ,” ಎಂದು ಅಜ್ಜಿ ಪಾತ್ರೆಯ ನೀರನ್ನು ಚೆಲ್ಲಿಬಿಟ್ಟಳು.

ಪರೀಕ್ಷೆಯಲ್ಲಿ ನೈಟ್ರೇಟ್ ಮಿತಿ ಮೀರಿರುವುದು ಗೊತ್ತಾಯಿತು. ಪರೀಕ್ಷೆಯಾದ ಬೀದಿ ನಲ್ಲಿಯ ನೀರು ಮನೆಗೆ ಬಂತು. ಧಾರಾಳಪ್ಪ ಮಣ್ಣು ಪರೀಕ್ಷೆ ಮಾಡಿಸಿದ. ಕೊಳೆತ ಗೊಬ್ಬರ ಬೆರೆಸಿ ಮಣ್ಣಿಗೆ ತೇವ ಹಿಡಿಯುವ ಶಕ್ತಿ ಕೊಟ್ಟ. ಯೂರಿಯಾವನ್ನು ಗಿಡ ಬೆಳೆದಂತೆ ಕಂತು ಕಂತಾಗಿ ಬುಡಕ್ಕಿಟ್ಟು, ಬೇರು ನೆನೆಯುವಷ್ಟೇ ನೀರು ಬಿಟ್ಟ. ಮೋಡ ಕವಿದರೆ ಚೀಲದ ಬಾಯಿ ಬಿಚ್ಚುತ್ತಲೇ ಇರಲಿಲ್ಲ. ಎಲೆ ಹಸಿರಾಗಿಯೇ ನಿಂತಿತು.

ಬಾವಿ ಮಾತ್ರ ನಿಧಾನಸ್ಥ. ಅದರ ನೀರು ಕುಡಿಯಲು ಯೋಗ್ಯ ಎಂಬ ಸುದ್ದಿ ಬರುವಷ್ಟರಲ್ಲಿ ಮೊಮ್ಮಗಳು ಓಡಾಡುತ್ತಿದ್ದಳು. ತಾತ ಪುಟ್ಟ ಲೋಟದಲ್ಲಿ ನೀರು ಕೊಟ್ಟ. ಅವಳು ಗಟಗಟ ಕುಡಿದು, “ಇನ್ನೂ,” ಎಂದಳು. ಧಾರಾಳಪ್ಪನ ಕಣ್ಣು ತುಂಬಿ ಬಂತು. ಅಂದು ಮಾತ್ರ ಅವನು ಹಳೆಯ ಧಾರಾಳದಲ್ಲೇ ಲೋಟ ತುಳುಕುವಷ್ಟು ನೀರು ಸುರಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ತೋಟದ ಕೆಳಗೂ ಒಂದು ತಟ್ಟೆ ಇದೆ. ಗೊಬ್ಬರದ ಚೀಲ ಬಿಚ್ಚುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಮಗುವಿನ ಬಾಟಲಿ ತುಂಬುವ ಮುಂಚೆ ಬಾವಿಯ ನೀರು ಪರೀಕ್ಷೆ ಮಾಡಿಸಿ. ಗಿಡ ಉಣ್ಣುವಷ್ಟು ಗಿಡಕ್ಕೆ ಬಡಿಸಿ, ಮಿಕ್ಕಿದ್ದನ್ನು ಮಕ್ಕಳ ಲೋಟಕ್ಕೆ ಇಳಿಸಬೇಡಿ.