ಒತ್ತಿನೆಣೆಯ ಏರು

ಕೋದಂಡಪ್ಪನನ್ನು ಇನ್ನು ಮೇಲೆ ಗಣಿಯ ಕೆಳಗೆ ಇಳಿಸಬಾರದು ಎಂದು ಡಾಕ್ಟರು ಬರೆದುಕೊಟ್ಟದ್ದು ಸಾವಿರದ ಒಂಬೈನೂರ ಅರವತ್ತರ ದೀಪಾವಳಿ ಕಳೆದ ಮೇಲೆ. ಕೋಲಾರದ ಚಿನ್ನದ ಗಣಿ ಚಾಂಪಿಯನ್ ರೀಫ್ಸಿನ ಆಳದಲ್ಲಿ ಹದಿನೇಳು ವರ್ಷ ಬಂಡೆ ಕೊರೆದವನು ಅವನು. ಎದೆಯ ತುಂಬ ಕಲ್ಲಿನ ಧೂಳು ಕೂತಿದೆ, ಮೇಲೆ ಯಾವುದಾದರೂ ಹಗುರ ಕೆಲಸ ಖಾಲಿಯಾದಾಗ ಕರೆಯುತ್ತಾರೆ, ಅಲ್ಲಿಯತನಕ ಮನೆಯಲ್ಲಿರು ಎಂದು ಹೇಳಿ ಕಳಿಸಿದರು. ಮೂವತ್ತೊಂಬತ್ತು ವರ್ಷದ ಗಂಡಸು ಗಣಿಯವರು ಕೊಟ್ಟ ಲೈನುಮನೆಯ ಬಾಗಿಲಲ್ಲಿ ಗೋಡೆಗೆ ಒರಗಿ, ಪಾಳಿಗೆ ಹೋಗುವವರನ್ನೂ ಬರುವವರನ್ನೂ ನೋಡುತ್ತ ದಿನ ಕಳೆಯತೊಡಗಿದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ನಿದ್ದೆಯೂ ಕೂತಲ್ಲೇ.

ಅವನ ಹೆಂಡತಿ ಕನಕಮ್ಮ. ಅವಳ ತಮ್ಮ ಮುನಿಶಾಮಪ್ಪನಿಗೆ ಆಂಡರ್ಸನ್‌ಪೇಟೆಯಲ್ಲಿ ಸೈಕಲ್ ಶಾಪು ಇತ್ತು. ಭಾವ ಭಾವಮೈದುನ ಇಬ್ಬರೂ ಸೈಕಲ್ಲಿನ ಹುಚ್ಚಿನವರು. ಎರಡು ಸಲ ತಿರುಪತಿಗೆ ಸೈಕಲ್ಲಿನಲ್ಲೇ ಹೋಗಿ ಬಂದಿದ್ದರು. ಏರು ಬಂದಾಗ ಎಲ್ಲರೂ ಇಳಿದು ತಳ್ಳಿದರೆ ಕೋದಂಡಪ್ಪ ಮಾತ್ರ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದ. ಇಳಿದದ್ದನ್ನು ನೋಡಿದವರಿಲ್ಲ.

ಗಣಿಯಲ್ಲಿ ಅವನ ಜೊತೆ ಕಾರವಾರದ ಕಡೆಯವನೊಬ್ಬ ಇದ್ದ. ತಮ್ಮೂರಲ್ಲಿ ಬೆಟ್ಟ ನೇರವಾಗಿ ಸಮುದ್ರಕ್ಕೇ ಇಳಿಯುತ್ತದೆ, ಆ ಗಾಳಿ ಒಂದು ತಿಂಗಳು ಕುಡಿದರೆ ಎಂಥ ಎದೆಯೂ ತೊಳೆದಂತಾಗುತ್ತದೆ ಎಂದು ಅವನು ಆಗಾಗ ಹೇಳುತ್ತಿದ್ದನಂತೆ. ಬಾಗಿಲಲ್ಲಿ ಕೂತು ಕೂತು ಕೋದಂಡಪ್ಪನ ತಲೆಯಲ್ಲಿ ಆ ಮಾತು ಬೇರು ಬಿಟ್ಟಿತು. ಒಂದು ಬೆಳಗ್ಗೆ ಶಾಪಿಗೆ ನಡೆದು ಬಂದು, ಉಸಿರು ಸರಿಹೋಗುವತನಕ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ಹೇಳಿದ. ಮಂಗಳೂರಿನವರೆಗೆ ರೈಲು. ಅಲ್ಲಿಂದ ಕಾರವಾರಕ್ಕೆ ಸಮುದ್ರದ ದಂಡೆ ಹಿಡಿದು ಸೈಕಲ್ಲು.

"ಕಾರವಾರ ಮುಟ್ಬುಟ್ರೆ ಯಾವ ಡಾಕ್ಟ್ರು ಏನ್ ಏಳ್ತಾನೆ? ಕೆಟ್ಟ ಎದೇಲಿ ಅಷ್ಟು ದೂರ ತುಳಿಯಕ್ಕಾಯ್ತದಾ? ಅದನ್ನೇ ಕೇಳ್ತೀನಿ."

ಮುನಿಶಾಮಪ್ಪ ಆಗುವುದಿಲ್ಲ ಎಂದ. ವಾರವಿಡೀ ಅಂದ. ಕೊನೆಗೆ ಅಕ್ಕನೇ ಬಂದಳು. ನೀನು ಹೋಗದಿದ್ದರೆ ಅವರೊಬ್ಬರೇ ಹೊರಡುತ್ತಾರೆ, ಹೋಗಿ ಸಮುದ್ರ ತೋರಿಸಿ, ಉಡುಪಿಯಿಂದ ಏನಾದರೂ ನೆವ ಹೇಳಿ ವಾಪಸು ಕರೆದುಕೊಂಡು ಬಾ ಎಂದು ಮಾತು ತೆಗೆದುಕೊಂಡಳು. ನೆವವನ್ನು ಅವನೇ ಯೋಚಿಸಿದ. ಭಾವನ ಸೈಕಲ್ಲಿನ ಹಿಂದಿನ ಚಕ್ರದ ಫ್ರೀವೀಲು ಕೆಡಿಸುವುದು ಅವನಿಗೆ ಐದು ನಿಮಿಷದ ಕೆಲಸ. ಅದನ್ನು ರಿಪೇರಿ ಮಾಡುವ ಸಾಮಾನು ಆ ಕಡೆ ಸಿಗುವುದಿಲ್ಲ ಎಂದರೆ ನಂಬದೆ ಗತಿಯಿಲ್ಲ.

ಡಿಸೆಂಬರಿನಲ್ಲಿ ಬಂಗಾರಪೇಟೆಯಲ್ಲಿ ಸೈಕಲ್ಲುಗಳನ್ನು ರೈಲಿಗೆ ಹಾಕಿ, ಜೋಲಾರಪೇಟೆಯಲ್ಲಿ ಗಾಡಿ ಬದಲಾಯಿಸಿ, ಮರುದಿನ ಮಂಗಳೂರಿಗೆ ಇಳಿದರು. ಮೊದಲ ದಿನ ಹತ್ತು ಮೈಲಿಯೂ ಆಗಲಿಲ್ಲ. ಕೋದಂಡಪ್ಪ ಫರ್ಲಾಂಗಿಗೊಮ್ಮೆ ಕಾಲು ಊರಿ ನಿಲ್ಲುತ್ತಿದ್ದ. ಎರಡನೆಯ ದಿನ ನಿಲ್ಲುವುದು ಕಡಿಮೆಯಾಯಿತು. ಮೂರನೆಯ ದಿನ ಉಡುಪಿ ಸೇರುವಾಗ ಅವನು ಮಾತಾಡಿಕೊಂಡು ತುಳಿಯುತ್ತಿದ್ದ. ಈ ಸೀಮೆಯ ಕನ್ನಡ ಅರ್ಧ ಅರ್ಥವಾಗುವುದಿಲ್ಲ ಎಂದು ನಗುತ್ತಿದ್ದ.

ಉಡುಪಿಯ ಛತ್ರದಲ್ಲಿ ಬೆಳಗ್ಗೆ ಭಾವ ಸ್ನಾನಕ್ಕೆ ಹೋದಾಗ ಮುನಿಶಾಮಪ್ಪ ಸ್ಪ್ಯಾನರು ತೆಗೆದುಕೊಂಡು ಅವನ ಸೈಕಲ್ಲಿನ ಹಿಂದಿನ ಚಕ್ರದ ಮುಂದೆ ಕೂತ. ನಟ್ಟು ಸಡಿಲಿಸಿದ. ಬಾವಿಕಟ್ಟೆಯಿಂದ ಭಾವ ಯಾರೊಂದಿಗೋ ಗಣಿಯ ಆಳದ ಬಗ್ಗೆ ಹೇಳುವುದು ಕೇಳುತ್ತಿತ್ತು. ಒಂದೇ ಉಸಿರಿಗೆ ಇಷ್ಟುದ್ದದ ಮಾತು ಅವನ ಬಾಯಲ್ಲಿ ಕೇಳಿ ವರ್ಷವಾಗಿತ್ತು. ಮುನಿಶಾಮಪ್ಪ ನಟ್ಟನ್ನು ಮತ್ತೆ ಬಿಗಿ ಮಾಡಿ, ಚೈನಿಗೆ ಎಣ್ಣೆ ಬಿಟ್ಟು ಎದ್ದ.

ಮುಂದೆ ಕುಂದಾಪುರ ದಾಟಿ ಮರವಂತೆಗೆ ಬಂದರು. ಅಲ್ಲಿ ರಸ್ತೆಯ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ. ನಡುವೆ ಒಂದು ರಸ್ತೆ ಹೋಗುವಷ್ಟೇ ನೆಲ. ಕೋದಂಡಪ್ಪ ಸೈಕಲ್ಲನ್ನು ತೆಂಗಿನ ಮರಕ್ಕೆ ಒರಗಿಸಿ, ಮರಳಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಅಂಗಾತ ಮಲಗಿದ. ಮುನಿಶಾಮಪ್ಪ ಎಬ್ಬಿಸಬೇಕೆಂದು ಓಡಿ ಬಂದರೆ ಅವನು ನಿದ್ದೆ ಹೋಗಿದ್ದ. ಎದೆ ಸಮನಾಗಿ ಏರಿ ಇಳಿಯುತ್ತಿತ್ತು. ಬಿಸಿಲು ಮೈಮೇಲೆ ಬರುವತನಕ ಮುನಿಶಾಮಪ್ಪ ಪಕ್ಕದಲ್ಲಿ ಅಲ್ಲಾಡದೆ ಕೂತಿದ್ದ.

ಎರಡು ದಿನ ಅಲ್ಲೇ ಉಳಿದರು. ಊಟ ಹಾಕುತ್ತಿದ್ದ ಹೋಟೆಲಿನ ಮುದುಕ ತನ್ನ ಹಿತ್ತಲಲ್ಲೊಂದು ಗುಡಿಸಲು ಖಾಲಿಯಿದೆ ಎಂದು ಯಾವುದೋ ಮಾತಿಗೆ ಹೇಳಿದ. ಅಷ್ಟು ಸಾಕಾಯಿತು. ಗುಡಿಸಲು ನೋಡಿಕೊಂಡು ಬಂದ ಕೋದಂಡಪ್ಪ, ಈ ರಸ್ತೆಯಲ್ಲಿ ಸೈಕಲ್ ಶಾಪು ಒಂದೂ ಇಲ್ಲ, ನಾನು ಪಂಚರ್ ಹಾಕಿಕೊಂಡು ಇಲ್ಲೇ ಇರುತ್ತೇನೆ ಎಂದ. ಅಂಚೆ ಕಚೇರಿಯಿಂದ ಕಾರ್ಡು ತಂದು ಮುನಿಶಾಮಪ್ಪನ ಕೈಯಲ್ಲಿ ಹೆಂಡತಿಗೆ ಬರೆಸಿದ. ನನಗೆ ಮಲಗಿದರೆ ನಿದ್ದೆ ಬರುತ್ತಿದೆ, ಇಲ್ಲಿ ಮನೆ ನೋಡಿದ್ದೇನೆ, ನಾನು ಬಂದ ಕೂಡಲೆ ಹೊರಡೋಣ, ಸಾಮಾನು ಕಟ್ಟಿಡು. ಬರೆಯುವಾಗ ಮುನಿಶಾಮಪ್ಪನಿಗೂ ಅದು ಸುಳ್ಳೆನಿಸಲಿಲ್ಲ. ಕಾರ್ಡನ್ನು ಡಬ್ಬಿಗೆ ಹಾಕಿದವನು ಅವನೇ.

ಮರುದಿನ ಕಾರವಾರದ ಕಡೆಗೆ ಹೊರಟರು. ಕಾರವಾರ ಮುಟ್ಟಿಯೇ ತಿರುಗುವುದು ಎಂದು ಭಾವನ ಹಟ. ಬೈಂದೂರು ಕಳೆದ ಮೇಲೆ ರಸ್ತೆ ಒತ್ತಿನೆಣೆ ಎಂಬ ಗುಡ್ಡ ಹತ್ತುತ್ತದೆ. ಕೆಂಪು ಕಲ್ಲಿನ ಬೋಳು ಗುಡ್ಡ, ಕೆಳಗೆ ಸಮುದ್ರ ಕರಿಬಂಡೆಗಳಿಗೆ ಹೊಡೆಯುತ್ತಿರುತ್ತದೆ. ಏರಿನ ಬುಡದಲ್ಲಿ ಮುನಿಶಾಮಪ್ಪ ಇಳಿದ.

"ಇಳೀ ಬಾವ. ತಳ್ಕೊಂಡು ಓಗೋಣ."

"ನೀನು ತಳ್ಕೊಂಡು ಬಾ," ಎಂದು ಕೋದಂಡಪ್ಪ ಸೀಟಿನಿಂದ ಎದ್ದು ನಿಂತು ತುಳಿದ.

ಮೊದಲ ತಿರುವಿನವರೆಗೆ ಅವನ ಬೆನ್ನು ಕಾಣುತ್ತಿತ್ತು. ಆಮೇಲೆ ಚೈನಿನ ಸದ್ದು ಮಾತ್ರ. ಅದರ ಮೇಲೆ ಉಸಿರಿನ ಸದ್ದು, ಗರಗಸ ಎಳೆದ ಹಾಗೆ. ಅದೂ ನಿಂತಾಗ ಮುನಿಶಾಮಪ್ಪ ತನ್ನ ಸೈಕಲ್ಲನ್ನು ರಸ್ತೆಯಲ್ಲೇ ಕೆಡವಿ ಓಡಿದ. ಎರಡನೆಯ ತಿರುವಿನಲ್ಲಿ ಸೈಕಲ್ಲು ದಿಬ್ಬಕ್ಕೆ ಒರಗಿತ್ತು. ಬಿದ್ದಿರಲಿಲ್ಲ, ಜಾಗ್ರತೆಯಾಗಿ ಒರಗಿಸಿದಂತಿತ್ತು. ಪಕ್ಕದಲ್ಲಿ ಕೋದಂಡಪ್ಪ ಮೊಣಕಾಲು ಊರಿ ಕೂತು, ಬಾಯಿಗೆ ಟವಲು ಒತ್ತಿಕೊಂಡಿದ್ದ. ಟವಲು ಕೆಂಪಾಗಿತ್ತು. ಆ ಜಾಗದಿಂದ ಸಮುದ್ರ ದಿಗಂತದವರೆಗೂ ಕಾಣುತ್ತದೆ. ಅವನು ತಲೆ ಎತ್ತಲಿಲ್ಲ.

ಒಂದು ಗಂಟೆ ಕಾದ ಮೇಲೆ ತೆಂಗಿನಕಾಯಿ ತುಂಬಿದ ಲಾರಿಯೊಂದು ಬಂತು. ಡ್ರೈವರು ಸೈಕಲ್ಲುಗಳನ್ನೂ ಹಾಕಿಕೊಂಡ. ಹೊಳೆ ಬಂದಲ್ಲಿ ಇಬ್ಬರು ಅಂಬಿಗರು ಕೋದಂಡಪ್ಪನನ್ನು ಎತ್ತಿ ದೋಣಿಯಲ್ಲಿ ಮಲಗಿಸಿದರು. ಆಚೆ ದಡದ ಕುಂದಾಪುರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇರಬೇಕಾಯಿತು. ಅಲ್ಲಿನ ವಯಸ್ಸಾದ ಡಾಕ್ಟರು ಮುನಿಶಾಮಪ್ಪನನ್ನು ಹೊರಗೆ ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು. ಕಲ್ಲಾದ ಪುಪ್ಪುಸ ಮತ್ತೆ ಮೆತ್ತಗಾಗುವುದಿಲ್ಲ. ಗಾಳಿಯಿಂದ ಹಗುರವಾದಂತೆ ಅನ್ನಿಸಿರಬಹುದು, ಎಷ್ಟೋ ಜನಕ್ಕೆ ಹಾಗಾಗುತ್ತದೆ, ಅದು ಗುಣವಲ್ಲ. ಇವರು ಇಷ್ಟು ದೂರ ತುಳಿಯಲೇಬಾರದಿತ್ತು. ಮನೆಯವರ ಹತ್ತಿರ ಕರೆದುಕೊಂಡು ಹೋಗಿ, ತಡಮಾಡಬೇಡಿ.

ಮುನಿಶಾಮಪ್ಪ ಒಳಗೆ ಬಂದು ಮಂಚದ ಪಕ್ಕ ನಿಂತ. ಡಾಕ್ಟರು ಏನು ಹೇಳಿದರೆಂದು ಭಾವ ಕೇಳುತ್ತಾನೆ, ಏನಾದರೂ ಹೇಳಬೇಕು ಎಂದು ಮಾತು ಜೋಡಿಸಿಕೊಂಡಿದ್ದ. ಕೋದಂಡಪ್ಪ ಅದನ್ನು ಕೇಳಲೇ ಇಲ್ಲ.

"ಆ ಕಾಗ್ದ ತಲುಪಿರ್ತದಾ ಇಷ್ಟೊತ್ತಿಗೆ?"

ತಲುಪಿರುತ್ತದೆ ಎಂದ ಮುನಿಶಾಮಪ್ಪ. ಕೋದಂಡಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ಕಾರ್ಡು ತಲುಪಿತ್ತು. ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು ಇಬ್ಬರೂ ಮನೆಗೆ ಬಂದಾಗ ಮೇಕೆಗಳಿಲ್ಲ, ಅವು ಕನಕಮ್ಮನ ತವರಿಗೆ ಹೋಗಿದ್ದವು. ಕೋಳಿಗಳು ಪಕ್ಕದ ಮನೆಯ ಕದಿರಮ್ಮನ ಪಾಲಾಗಿದ್ದವು. ಪಾತ್ರೆಗಳು ಗೋಣಿಚೀಲದಲ್ಲಿ, ಬಟ್ಟೆಗಳು ದುಪ್ಪಟಿಯ ಗಂಟಿನಲ್ಲಿ, ದೇವರ ಪಟಗಳು ಹುಲ್ಲು ಸುತ್ತಿ ಒಂದು ಪೆಟ್ಟಿಗೆಯಲ್ಲಿ. ಅನ್ನಕ್ಕೊಂದು ಸಾರಿಗೊಂದು ಮಡಕೆ ಮಾತ್ರ ಹೊರಗೆ. ಕನಕಮ್ಮ ಗಂಡನ ಮುಖ ನೋಡಿದಳು. ದಂಡೆಯ ಒಂದು ವಾರದ ಬಿಸಿಲಿಗೆ ಅವನ ಬಿಳಿಚಿದ ಚರ್ಮ ಕಂದಿ ಮೊದಲಿನ ಬಣ್ಣಕ್ಕೆ ಬಂದಿತ್ತು.

"ಮೈಗೆ ಬಣ್ಣ ಬಂದೈತೆ," ಎಂದಳು ತಮ್ಮನಿಗೆ. "ಆ ಗಾಳಿ ಇಡಿದೈತೆ ನೋಡು." ಆಮೇಲೆ ಗಂಡನ ಕಡೆ ತಿರುಗಿ ಯಾವತ್ತು ಹೊರಡುವುದು ಎಂದು ಕೇಳಿದಳು.

ಮುನಿಶಾಮಪ್ಪ ಭಾವನ ಬಾಯಿ ನೋಡಿದ. ಡಾಕ್ಟರು ಹೇಳಿದ್ದನ್ನು ರೈಲಿನಲ್ಲಿ ಇಬ್ಬರೂ ಮಾತಾಡಿಕೊಂಡಿದ್ದರು. ಇರುವುದನ್ನು ಇರುವಂತೆ ತಾನೇ ಅವಳಿಗೆ ಹೇಳುತ್ತೇನೆ ಎಂದು ಕೋದಂಡಪ್ಪ ಒಪ್ಪಿದ್ದ.

"ಶಿವರಾತ್ರಿ ಆಗ್ಲಿ," ಎಂದ ಕೋದಂಡಪ್ಪ. "ಅಲ್ಲೂ ಈಗ ಚಳಿ."

ಕನಕಮ್ಮ ನಂಬಿದಳು. ಶಿವರಾತ್ರಿಗೆ ಇನ್ನೆರಡು ತಿಂಗಳು, ಅಷ್ಟಕ್ಕೇನು ಮತ್ತೆ ಬಿಚ್ಚುವುದು ಎಂದು ಗೋಣಿಚೀಲದ ಬಾಯನ್ನು ಬಿಚ್ಚಲಿಲ್ಲ. ಎರಡೇ ಮಡಕೆಯಲ್ಲಿ ಅಡುಗೆ ನಡೆಯಿತು. ಸಂಕ್ರಾಂತಿಗೆ ಪಕ್ಕದ ಮನೆಯಿಂದ ಪಾತ್ರೆ ಕೇಳಿ ತಂದು ಪೊಂಗಲು ಮಾಡಿದಳು. ಕೋದಂಡಪ್ಪ ಅವಳಿಗೆ ಮರವಂತೆಯ ಗುಡಿಸಲಿನ ಬಗ್ಗೆ ಕೇಳಿದಷ್ಟೂ ಹೇಳುತ್ತಿದ್ದ. ಬಾವಿ ಎಲ್ಲಿದೆ, ಒಲೆ ಯಾವ ಮೂಲೆಗೆ ಹಾಕಬಹುದು, ಎಷ್ಟು ತೆಂಗಿನ ಮರ. ಮುನಿಶಾಮಪ್ಪ ದಿನಾ ಸಂಜೆ ಬಂದು ಕೂರುತ್ತಿದ್ದ. ಅಕ್ಕ ಒಳಗೆ ಹೋದಾಗ ಒಮ್ಮೆ, ಹೇಳಿಬಿಡು ಬಾವ ಎಂದು ಕೇಳಿಕೊಂಡ. ಕೋದಂಡಪ್ಪ, ನಾಳೆ ಹೇಳುತ್ತೇನೆ ಎಂದ. ಜನವರಿ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಬಾಗಿಲಲ್ಲಿ ಗೋಡೆಗೆ ಒರಗಿ ಕೂತಲ್ಲೇ ಅವನ ಉಸಿರು ನಿಂತಿತು. ಹೇಳಿರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಕನಕಮ್ಮ ತಮ್ಮನನ್ನು ಕೂರಿಸಿಕೊಂಡು ಕೇಳಿದಳು.

"ಅಲ್ಲಿ ಮಲಗಿ ನಿದ್ದೆ ಮಾಡ್ತಿದ್ರು ಅಂತ ನೀನೇ ಬರ್ದಿದ್ದೀಯ. ಮತ್ಯಾಕೆ ಕರ್ಕೊಂಬಂದೆ?"

ಮುನಿಶಾಮಪ್ಪ ಎಲ್ಲವನ್ನೂ ಹೇಳಿದ. ಏರು, ಟವಲು, ಲಾರಿ, ಒಂಬತ್ತು ದಿನ, ಡಾಕ್ಟರು. ಉಡುಪಿಯಲ್ಲಿ ನಟ್ಟು ಸಡಿಲಿಸಿ ಮತ್ತೆ ಬಿಗಿ ಮಾಡಿದ್ದನ್ನೂ ಹೇಳಿದ. ಅಲ್ಲಿಂದಲೇ ತಿರುಗಿಸಿದ್ದರೆ ಇನ್ನೂ ಒಂದಷ್ಟು ಕಾಲ ಇರುತ್ತಿದ್ದರು, ತಪ್ಪು ಅದು, ಅದು ನನ್ನದೇ ಎಂದ. ಕನಕಮ್ಮ ಕೊನೆಯವರೆಗೂ ಕೇಳಿಸಿಕೊಂಡಳು. ಆದರೆ ಅವಳಿಗೆ ಬೇಕಾದ ತಪ್ಪು ಅದಾಗಿರಲಿಲ್ಲ.

"ಅವರು ನಂಗೆ ಅಂಗೆ ಏಳ್ಲೇ ಇಲ್ಲ," ಎಂದಳು. "ಶಿವರಾತ್ರಿಗೆ ಓಗೋಣ ಅಂದ್ರು. ಸಾಯೋರು ಒಲೆ ಎಲ್ಲಿ ಆಕ್ಬೇಕು ಅಂತ ಏಳ್ತಾರಾ? ನಿಂಗೆ ಶಾಪು ಮುಚ್ಚಿರೋದು ಕಷ್ಟ ಆಯ್ತು. ಅದಕ್ಕೆ ಎಳ್ಕೊಂಬಂದೆ."

ಅವನು ಅವಳ ಕಾಲು ಮುಟ್ಟಿದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

ತಿಂಗಳೊಳಗೆ ಲೈನುಮನೆ ಖಾಲಿ ಮಾಡಬೇಕಾಯಿತು. ಸಾಮಾನು ಕಟ್ಟುವ ಕೆಲಸವೇನೂ ಇರಲಿಲ್ಲ. ಬೂದಿಕೋಟೆಯ ಹತ್ತಿರದ ತವರಿನಿಂದ ಚಿಕ್ಕಪ್ಪ ದೊಡ್ಡವೆಂಕಟಪ್ಪ ಎತ್ತಿನ ಗಾಡಿ ತಂದು ಎಲ್ಲವನ್ನೂ ಹೇರಿಕೊಂಡು ಹೋದ. ಕನಕಮ್ಮ ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದಳು. ಮುನಿಶಾಮಪ್ಪ ಬಂಗಾರಪೇಟೆಯವರೆಗೂ ಗಾಡಿಯ ಹಿಂದೆ ಸೈಕಲ್ಲಿನಲ್ಲಿ ಹೋದ. ಅವಳು ರಸ್ತೆ ನೋಡುತ್ತಿದ್ದಳು, ಅವನನ್ನಲ್ಲ.

ಆಮೇಲೂ ಅವನು ತಿಂಗಳಿಗೊಮ್ಮೆ ಆ ಹಳ್ಳಿಗೆ ಹೋಗುತ್ತಿದ್ದ. ಅಕ್ಕ ಮುದ್ದೆ ಬಡಿಸುತ್ತಿದ್ದಳು, ಸಾರು ಬಡಿಸುತ್ತಿದ್ದಳು. ಮಾತಾಡುತ್ತಿರಲಿಲ್ಲ. ಊರಿನ ಹೆಂಗಸರ ಹತ್ತಿರ ಮಾತ್ರ, ಅಲ್ಲೇ ಬಿಟ್ಟಿದ್ದರೆ ಬದುಕುತ್ತಿದ್ದರು ಎಂದು ಹೇಳುತ್ತಿದ್ದಳಂತೆ. ಐದಾರು ವರ್ಷ ಕಳೆದ ಮೇಲೂ ಹೇಳುತ್ತಿದ್ದಳು. ಮುನಿಶಾಮಪ್ಪ ಉಂಡು, ಕೈ ತೊಳೆದು, ಸ್ವಲ್ಪ ಹೊತ್ತು ಜಗುಲಿಯ ಮೇಲೆ ಕೂತಿದ್ದು, ಬಿಸಿಲಿಳಿದ ಮೇಲೆ ಬತ್ತೀನಕ್ಕ ಎಂದು ಹೇಳಿ ಹೊರಡುತ್ತಿದ್ದ.