ವಂದನಾರ್ಪಣೆ ಫಾಯಿಜಾ ಅವರಿಂದ

ಫಾಯಿಜಾಳನ್ನು ಸಿಟ್ಟಿಗೆಬ್ಬಿಸಿದ್ದು ಒಂದು ಧನ್ಯವಾದ.

ಕಂಪ್ಯೂಟರಿನಿಂದಲೇ ರೇಡಿಯೊ ಸೆಟ್ಟುಗಳನ್ನು ನಡೆಸುವ ಒಂದು ತಂತ್ರಾಂಶವಿದೆ. ಅದು ಯಾರ ಸ್ವಂತದ್ದೂ ಅಲ್ಲ. ದೇಶದೇಶಗಳ ಹವ್ಯಾಸಿಗಳು ತಮ್ಮ ಸೆಟ್ಟಿಗೆ ಬೇಕಾದ ಕೋಡನ್ನು ಬರೆದು ಕಳಿಸುತ್ತಾರೆ. ನೋಡಿಕೊಳ್ಳುವವರು ಪರೀಕ್ಷಿಸಿ ಸೇರಿಸಿಕೊಳ್ಳುತ್ತಾರೆ. ಸಂಬಳವಿಲ್ಲ. ಬರೆದವರ ಹೆಸರು ಕೋಡಿನ ಜೊತೆ ಉಳಿಯುತ್ತದೆ, ಸಿಗುವುದು ಅಷ್ಟೇ. ಹೊಸ ತಿಪ್ಪಸಂದ್ರದ ಪಾತ್ರೆ ಅಂಗಡಿಯ ಮೇಲಿನ ರೇಡಿಯೊ ಕ್ಲಬ್ಬಿನಲ್ಲಿ ಒಂದು ಮುದಿ ಸೆಟ್ಟಿತ್ತು. ಅದರ ಕೋಡನ್ನು ಯಾರೂ ಬರೆದಿರಲಿಲ್ಲ. ಫಾಯಿಜಾ ಒಂದು ಮಳೆಗಾಲ ಪೂರ್ತಿ ಕೂತು ಬರೆದು ಕಳಿಸಿದಳು. ಎರಡು ಸಣ್ಣ ತಿದ್ದುಪಡಿ ಬೇಕು ಎಂದು ಉತ್ತರ ಬಂತು. ಅಷ್ಟರಲ್ಲಿ ತಂಗಿ ಅಲಿಯಾಳ ಮದುವೆ. ಮುಗಿಸಿಕೊಂಡು ಬಂದು ತಿದ್ದುತ್ತೇನೆ ಎಂದು ಕ್ಲಬ್ಬಿನ ಅಧ್ಯಕ್ಷರಿಗೆ ಹೇಳಿ ಹೋದಳು.

ಬಂದು ನೋಡಿದರೆ ಮೇಲ್ ಕಾದಿತ್ತು. 'ನಿಮ್ಮ ಕೊಡುಗೆಗೆ ಧನ್ಯವಾದ. ಇದೇ ಕೆಲಸ ಬೇರೊಬ್ಬರ ಹೆಸರಿನಲ್ಲಿ ಈಗಾಗಲೇ ಸೇರಿರುವುದರಿಂದ ನಿಮ್ಮದನ್ನು ಮುಚ್ಚುತ್ತಿದ್ದೇವೆ.' ಆ ಬೇರೊಬ್ಬರು ಅಭಿನವ್. ಅದೇ ಕ್ಲಬ್ಬಿನವನು, ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ಕೆಲಸ.

ಶಿವಾಜಿನಗರದ ಮನೆಯಲ್ಲಿ ಅವಳು ಲ್ಯಾಪ್‌ಟಾಪನ್ನು ಮುಚ್ಚಿದ ಸದ್ದಿಗೆ ಅಮ್ಮ ನೂರುನ್ನೀಸಾ ಅಡುಗೆಮನೆಯಿಂದ ಇಣುಕಿದರು. "ಕಾಯ್ಕು ಗೇ ಇತ್ತಾ ಗುಸ್ಸಾ?" ಇಷ್ಟೇಕೆ ಸಿಟ್ಟು ಎಂದು.

"ಮದುವೇಲಿ ಬಿರಿಯಾನಿ ಮಾಡಿದ್ದು ನೀನು, ಹೆಸರು ಪಕ್ಕದ ಮನೆಯವರದು ಅಂದ್ರೆ ನಿಂಗೆ ಹೇಗಿರತ್ತೆ ಅಮ್ಮಿ?"

ನೂರುನ್ನೀಸಾ ಸೌಟನ್ನು ಕೆಳಗಿಟ್ಟರು. ಅವರಿಗೆ ಅರ್ಥವಾಗಿತ್ತು.

ಅಧ್ಯಕ್ಷರು ಹಯಗ್ರೀವ. ಕಾರ್ಖಾನೆಯಿಂದ ನಿವೃತ್ತರು. ರೇಡಿಯೊ ನಿಯಮಗಳನ್ನು ಸಹಸ್ರನಾಮದ ಹಾಗೆ ಬಾಯಿಪಾಠ ಮಾಡಿದವರು. ಫಾಯಿಜಾಳನ್ನು ಲೈಸೆನ್ಸ್ ಪರೀಕ್ಷೆಗೆ ತಯಾರು ಮಾಡಿದವರೂ ಅವರೇ. ಫೋನಿನಲ್ಲಿ ಅವರ ದನಿ ಬೆಣ್ಣೆಯಂತಿತ್ತು.

"ಕೋಪ ಮಾಡ್ಕೋಬೇಡಮ್ಮ. ನೀನು ಮದುವೆ ಗಡಿಬಿಡೀಲಿದ್ದೆ. ತಡ ಆಗೋದು ಬೇಡ ಅಂತ ನಾನೇ ಅಭಿನವ್‌ಗೆ ಕೊಟ್ಟೆ. ಓಪನ್ ಸೋರ್ಸ್ ಅಂದ್ಮೇಲೆ ಅದು ಎಲ್ಲರದ್ದೂ ಅಲ್ವಾ?"

"ಕೋಡು ಎಲ್ಲರದ್ದು ಸರ್. ಹೆಸರು ಮಾತ್ರ ಅಭಿನವ್‌ದು."

"ಹೆಸರಲ್ಲಿ ಏನಿದೆಯಮ್ಮ? ಕ್ಲಬ್ಬಿಗೆ ಕೀರ್ತಿ ಬಂತು. ಭಾನುವಾರ ಅವನಿಗೊಂದು ಸಣ್ಣ ಸನ್ಮಾನ ಇಟ್ಕೊಂಡಿದೀವಿ."

ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಸನ್ಮಾನ ಯಾರಿಗೆ ಎಂಬ ಪ್ರಶ್ನೆ ಹಯಗ್ರೀವರಿಗೆ ಹೊಳೆಯಲಿಲ್ಲ. "ವಂದನಾರ್ಪಣೆ ನಿಂದೇ," ಎಂದು ಸೇರಿಸಿದರು, ಪ್ರಸಾದ ಕೊಡುವವರ ಹಾಗೆ. ಕ್ಲಬ್ಬಿನ ಸಮಾರಂಭಗಳಲ್ಲಿ ಹೆಂಗಸರಿಗೆ ಎರಡೇ ಕೆಲಸ: ಪ್ರಾರ್ಥನೆ, ಇಲ್ಲವೇ ವಂದನಾರ್ಪಣೆ. ಪ್ರಾರ್ಥನೆಗೆ ಈಗಾಗಲೇ ಮಧುರಾ ಸಿಕ್ಕಿದ್ದಳು.

ಅಭಿನವ್ ಮಾತ್ರ ನಿಜಕ್ಕೂ ಆಶ್ಚರ್ಯಪಟ್ಟ. ಇಂದಿರಾನಗರದಲ್ಲಿ ಅವಳ ಆಫೀಸಿನ ಕೆಳಗಿನ ಟೀ ಅಂಗಡಿಯಲ್ಲಿ ಭೇಟಿಯಾದರು.

"ಕೂಲ್ ಗುರು. ನಾನು ಸುಮ್ನೆ ಕಾಪಿ ಮಾಡಿಲ್ಲ. ಎಷ್ಟು ಕ್ಲೀನ್ ಮಾಡಿದೀನಿ ಗೊತ್ತಾ? ನೀನು ಎಲ್ಲೆಲ್ಲೂ ಸುಮ್‌ಸುಮ್ನೆ ವೇಟ್ ಹಾಕಿದ್ದೆ. ಕಿತ್ತಾಕ್ದೆ. ಈಗ ಹೆಂಗೆ ಓಡುತ್ತೆ ನೋಡು."

"ಯಾವ ಸೆಟ್ಟಲ್ಲಿ ಓಡ್ಸಿ ನೋಡ್ದೆ?"

"ಸಿಮ್ಯುಲೇಟರ್ ಇದೆಯಲ್ಲ ಮಗಾ."

ಸಿಮ್ಯುಲೇಟರ್ ಎಂದರೆ ಕಂಪ್ಯೂಟರಿನೊಳಗಿನ ಸುಳ್ಳು ಸೆಟ್ಟು. ಅದಕ್ಕೆ ಮುಪ್ಪಿಲ್ಲ, ಬಿಸಿಯಾಗುವುದಿಲ್ಲ, ಹೇಳಿದ್ದನ್ನೆಲ್ಲ ಕೇಳುತ್ತದೆ. ಕ್ಲಬ್ಬಿನ ಸೆಟ್ಟು ಹಾಗಲ್ಲ. ಒಂದು ಆಜ್ಞೆಯ ಬೆನ್ನಿಗೇ ಇನ್ನೊಂದನ್ನು ಕೊಟ್ಟರೆ ಎರಡನೆಯದನ್ನು ನುಂಗಿ ಸುಮ್ಮನಾಗುತ್ತದೆ. ಫಾಯಿಜಾ ಅದನ್ನು ವಾರಗಟ್ಟಲೆ ಗಮನಿಸಿ, ಪ್ರತಿ ಆಜ್ಞೆಯ ನಂತರ ಸೆಟ್ಟಿಗೆ ಒಂದು ಉಸಿರಿನ ಬಿಡುವು ಕೊಟ್ಟಿದ್ದಳು. ಆ ಬಿಡುವು ಏಕೆ ಬೇಕೆಂದು ಪಕ್ಕದಲ್ಲೇ ಬರೆದೂ ಇದ್ದಳು, ತನ್ನ ಹೆಸರಿನ ಸಮೇತ.

"ಆ ಸಾಲಿನ ಪಕ್ಕ ಬರ್ದಿದ್ದು ಓದ್ಲಿಲ್ವಾ?"

"ಕಾಮೆಂಟ್ಸ್ ಎಲ್ಲಾ ತೆಗ್ದ್ಬಿಟ್ಟೆ. ಉದ್ದ ಆಯ್ತು ಅನ್ಸ್ತು."

"ನನ್ನ ಹೆಸರೂ ಉದ್ದ ಆಯ್ತಾ?"

ಅಭಿನವ್ ಟೀ ಲೋಟವನ್ನು ತಿರುಗಿಸಿದ.

"ಅವರಿಗೆ ಬರಿ," ಎಂದಳು. "ಬರೆದವಳು ಫಾಯಿಜಾ ಅಂತ ಒಂದು ಮಾತು ಬರಿ. ನಂಗೆ ಶಾಲು ಬೇಡ, ಪೇಟ ಬೇಡ."

"ಒಂದ್ಸಲ ಸೇರಿದ್ಮೇಲೆ ಯಾರು ಏನು ಹಾಕಿದ್ರು ಅನ್ನೋ ಹಿಸ್ಟರಿ ತಿದ್ದೋಕಾಗಲ್ಲ, ನಿಂಗೂ ಗೊತ್ತು. ಬಿಟ್ಬಿಡು ಮಗಾ. ಮುಂದಿನ್ಸಲ ನೀನೇ ಹಾಕು."

ಟೀ ಕುಡಿಯದೆ ಅವಳು ಎದ್ದು ಹೋದಳು. ಹೋಗುವಾಗ ತನ್ನ ಕುರ್ಚಿಯನ್ನು ಕಾಲಿನಿಂದ ತಳ್ಳಿದಳು; ಅದು ಅಭಿನವ್‌ನ ಮೊಣಕಾಲಿಗೆ ತಗಲಿತು. ಸಾರಿ ಅನ್ನಲಿಲ್ಲ.

ಭಾನುವಾರ ಕ್ಲಬ್ಬಿನ ಕೋಣೆ ತುಂಬಿತ್ತು. ಹಯಗ್ರೀವರು ಬೆಳಿಗ್ಗೆಯೇ ಸೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಅಡ್ಡಲಾಗಿ ದಪ್ಪನೆಯ ಸೇವಂತಿಗೆ ಹಾರ ಹಾಕಿದ್ದರು. ಪೂಜೆಯಾಗುವ ತನಕ ಯಾರೂ ಸೆಟ್ಟನ್ನು ಮುಟ್ಟಕೂಡದು ಎಂದದ್ದರಿಂದ ಅಭಿನವ್ ಒಮ್ಮೆಯೂ ಓಡಿಸಿ ನೋಡಿರಲಿಲ್ಲ. ಅಷ್ಟು ಸಣ್ಣ ಕೋಣೆಗೆ ಧ್ವನಿವರ್ಧಕ ಬೇಕಿರಲಿಲ್ಲ. ಆದರೆ ಮೈಕಿಲ್ಲದೆ ಸಭೆಗೆ ಕಳೆಯೆಲ್ಲಿ? ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಸೆಟ್ಟಿನದೇ ಮೇಜಿನ ಮೈಕನ್ನು ಭಾಷಣಕಾರರ ಮುಂದಿಟ್ಟರು.

ಪ್ರಾರ್ಥನೆ, ಸ್ವಾಗತ ಆದವು. ಅಭಿನವ್ ಲ್ಯಾಪ್‌ಟಾಪಿನಲ್ಲಿ ಗುಂಡಿ ಒತ್ತಿ, ಎಲ್ಲ ಸ್ಟೇಷನ್ನುಗಳಿಗೂ ನಮಸ್ಕಾರ ಹೇಳಿ, ಮತ್ತೆ ಒತ್ತಿದ. ಪರದೆಯ ಮೇಲೆ 'ಪ್ರಸಾರ ನಿಂತಿದೆ' ಎಂದು ಬಂತು. ಚಪ್ಪಾಳೆ. ಸ್ಪೀಕರಿನಿಂದ ಯಾವ ಉತ್ತರವೂ ಬರಲಿಲ್ಲ. ಉಳಿದ ಊರುಗಳವರು ಬೆರಗಾಗಿರಬೇಕು ಎಂದು ಹಯಗ್ರೀವರು ವಿವರಿಸಿದರು.

ಮೇಜಿನ ತುದಿಯಲ್ಲಿ ಕೂತಿದ್ದ ಫಾಯಿಜಾ ಸೆಟ್ಟಿನ ಮುಳ್ಳನ್ನು ನೋಡಿದಳು. ಸೆಟ್ಟು ಪ್ರಸಾರ ಮಾಡುವಾಗ ಆ ಮುಳ್ಳು ಮಾತಿಗೆ ತಕ್ಕಂತೆ ಕುಣಿಯುತ್ತದೆ. ಈಗ ಹಯಗ್ರೀವರ ಮಾತಿಗೆ ಕುಣಿಯುತ್ತಿತ್ತು. ಪ್ರಸಾರದ ಕೆಂಪು ದೀಪ ಸೇವಂತಿಗೆಯ ಅಡಿಯಲ್ಲಿತ್ತು.

ಅವಳು ಬಾಯಿ ತೆರೆದಳು. ಆಗಲೇ ಹಯಗ್ರೀವರು, "ಮನೆ, ಮದುವೆ ಅಂತ ನೆಪ ಹೇಳದೆ ಕೆಲಸ ಮುಗಿಸಿದ ನಮ್ಮ ಅಭಿನವ್," ಎಂದರು. ಅವಳು ಬಾಯಿ ಮುಚ್ಚಿಕೊಂಡಳು.

ಶಾಲು ಬಂತು, ಪೇಟ ಬಂತು, ಹಣ್ಣಿನ ಬುಟ್ಟಿ ಬಂತು. ಹಯಗ್ರೀವರು ಉತ್ಸಾಹದಲ್ಲಿ, ಕರಾವಳಿಯ ಹವ್ಯಾಸಿಗಳು ಆಂಟೆನಾ ಕಟ್ಟುವುದಕ್ಕಿಂತ ಮೀನೂಟ ಮಾಡುವುದೇ ಹೆಚ್ಚು ಎಂದು ನಗಿಸಿದರು. ಮುಳ್ಳು ಆ ನಗುವನ್ನೂ ತೂಗಿ ಕಳಿಸಿತು.

"ಈಗ ವಂದನಾರ್ಪಣೆ."

ಫಾಯಿಜಾ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೊದಲು ಕ್ಲಬ್ಬಿನ ಕಾಲ್‌ಸೈನ್ ಹೇಳಿದಳು. ಆಮೇಲೆ ತನ್ನದು, ಅಕ್ಷರ ಅಕ್ಷರ ಬಿಡಿಸಿ. ಪ್ರಸಾರದಲ್ಲಿ ಮಾತಾಡುವವರು ಹೇಳಲೇಬೇಕಾದ ಗುರುತು ಅದು.

ಹಯಗ್ರೀವರು ಪಿಸುಗುಟ್ಟಿದರು. "ಅದೆಲ್ಲ ಪ್ರಸಾರದಲ್ಲಿ ಮಾತಾಡೋವಾಗಮ್ಮ. ಇಲ್ಲಿ ಬೇಡ."

"ಬೇಕು ಸರ್. ನೀವೇ ಕಲಿಸಿದ್ದು." ಮೈಕಿಗೆ ತಿರುಗಿದಳು. "ಅಧ್ಯಕ್ಷರಿಗೆ ವಂದನೆಗಳು, ನಾನು ಬರೆದ ಕೋಡನ್ನ ನನ್ನ ಕೇಳದೆ ಇನ್ನೊಬ್ಬರಿಗೆ ಕೊಟ್ಟಿದ್ದಕ್ಕೆ. ಸನ್ಮಾನಿತರಿಗೆ ವಂದನೆಗಳು, ನನ್ನ ಹೆಸರು ಕಿತ್ತು ತಮ್ಮದು ಹಾಕ್ಕೊಂಡಿದ್ದಕ್ಕೆ. ಹೆಸರಿನ ಜೊತೆ ಅವರು ಕಿತ್ತ ಬಿಡುವು ಈ ಸೆಟ್ಟಿಗೆ ಬೇಕಿತ್ತು. ಅದಿಲ್ದೆ, ಇನ್ನೊಂದು ಆಜ್ಞೆಯ ಬೆನ್ನಿಗೇ ಹೋಗೋ 'ನಿಲ್ಲಿಸು' ಇದಕ್ಕೆ ಕೇಳ್ಸಲ್ಲ." ಹಾರವನ್ನು ಪಕ್ಕಕ್ಕೆ ಸರಿಸಿದಳು. ಕೆಂಪು ದೀಪ ಉರಿಯುತ್ತಿತ್ತು. "ಹಾಗಾಗಿ ಈ ಕಾರ್ಯಕ್ರಮ ಆಗ್ಲಿಂದ ನೇರ ಪ್ರಸಾರ ಆಗ್ತಿದೆ. ಕೇಳುಗರಿಗೂ ವಂದನೆಗಳು. ಕರಾವಳಿಯವರಿಗೆ ವಿಶೇಷವಾಗಿ."

ಹಯಗ್ರೀವರ ಮುಖ ಕುಂಕುಮಕ್ಕಿಂತ ಕೆಂಪಾಯಿತು. "ನಿಲ್ಸಮ್ಮ! ನಿಲ್ಸು ಮೊದ್ಲು!"

"ಅಭಿನವ್ ನಿಲ್ಲಿಸ್ಲಿ ಸರ್. ಬರೆದವರು ಅವರಲ್ವಾ?"

ಪೇಟ ತೊಟ್ಟ ಅಭಿನವ್ ಒತ್ತಿದ. ಮತ್ತೆ ಒತ್ತಿದ. ನಿಂತಿದೆ ಎಂದಿತು ಪರದೆ. ಇಲ್ಲ ಎಂದಿತು ದೀಪ. ಕೊನೆಗೆ ಹಯಗ್ರೀವರೇ ಮೇಜಿನಡಿ ತೂರಿ ಪ್ಲಗ್ಗನ್ನು ಕಿತ್ತರು.

ಫಾಯಿಜಾ ಅದನ್ನು ಮತ್ತೆ ಸಿಕ್ಕಿಸಿದಳು. ಸೆಟ್ಟು ಎಚ್ಚರವಾಗಿ, ಈಗ ಆಲಿಸತೊಡಗಿತು. ಎಲ್ಲೋ ಘಟ್ಟದಾಚೆಯಿಂದ ಒಂದು ದನಿ ತೇಲಿಬಂತು: "ಬೆಂಗಳೂರು, ಪೂರ್ತಿ ಕೇಳ್ತು. ಊಟದ ವಿಷಯಾನೂ. ಕೋಡ್ ಬರ್ದ ಮೇಡಂ ಕಾಲ್‌ಸೈನ್ ಸಿಕ್ತು, ಹೆಸರೇ ಹೇಳ್ಲಿಲ್ವಲ್ಲ. ಹೇಳಿ, ಓವರ್."

ಅಭ್ಯಾಸಬಲದಿಂದ ಹಯಗ್ರೀವರ ಕೈ ಮೈಕಿಗೆ ಹೋಯಿತು. ಫಾಯಿಜಾ ಅದನ್ನು ತಳ್ಳಿದಳು. ಮೈಕಿನ ಗುಂಡಿಯನ್ನು ತಾನೇ ಒತ್ತಿ ಹೆಸರು ಹೇಳಿದಳು, ಬೈಗುಳ ಹೇಳುವಷ್ಟು ಗಟ್ಟಿಯಾಗಿ. ಗುಂಡಿ ಬಿಟ್ಟಳು. ಕೆಂಪು ದೀಪ ಆರಿತು.

"ಇವತ್ತೇ ಆ ಸಾಲು ವಾಪಸ್ ಹಾಕಿ ಕಳಿಸ್ತೀನಿ," ಎಂದಳು ಅಭಿನವ್‌ಗೆ. "ತಿದ್ದಿದ್ದರ ಮೇಲೆ ನನ್ನ ಹೆಸರು. ತಪ್ಪಿನ ಮೇಲೆ ನಿಂದೇ ಇರ್ಲಿ. ಹಿಸ್ಟರಿ ತಿದ್ದೋಕಾಗಲ್ಲ ಅಂದ್ಯಲ್ಲ."

ಮೆಟ್ಟಿಲಿಳಿದು ಹೋಗುವಾಗ ಮೇಲಿನಿಂದ ಘಟ್ಟದಾಚೆಯ ದನಿ ಇನ್ನೂ ಕೇಳುತ್ತಿತ್ತು. ಅಧ್ಯಕ್ಷರನ್ನು ಕರೆಯುತ್ತಿತ್ತು, ಮೀನಿನ ವಿಷಯ ಮಾತಾಡುವುದಿತ್ತಂತೆ.