ಶೀತಲ್ ಫ್ಯಾಷನ್ಸ್

ಭುವನೇಶ್ವರಿ ಬಸವಕಲ್ಯಾಣದಲ್ಲಿ ಅಂಗಡಿ ತೆರೆದದ್ದು ೧೯೯೭ರ ಯುಗಾದಿ ಮುಗಿದ ವಾರ. ಆಗ ಅವಳಿಗೆ ಇಪ್ಪತ್ತೆಂಟು ವರ್ಷ. ಗಂಡ ಶಂಕರಲಿಂಗ ಹೆದ್ದಾರಿಯಲ್ಲಿ ಲಾರಿ ಬಡಿದು ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಉಳಿದವರು ಅತ್ತೆ ತುಳಜಾಬಾಯಿ ಮತ್ತು ಆಗಷ್ಟೇ ಪಿಯುಸಿ ಮುಗಿಸಿದ್ದ ನಾದಿನಿ ಶೀತಲ್. ಮದುವೆಗೆ ಮೊದಲು ಭುವನೇಶ್ವರಿ ಸೊಲ್ಲಾಪುರದ ಸೋದರತ್ತೆಯ ಮನೆಯಲ್ಲಿದ್ದು ಡ್ರೆಸ್ ಡಿಸೈನಿಂಗ್ ಡಿಪ್ಲೊಮಾ ಮಾಡಿದ್ದಳು. ಆ ಸರ್ಟಿಫಿಕೇಟು ಇಷ್ಟು ವರ್ಷ ಟ್ರಂಕಿನ ತಳದಲ್ಲಿತ್ತು. ಮನೆ ನಡೆಯಬೇಕಾದಾಗ ಅದನ್ನು ಹೊರಗೆ ತೆಗೆದಳು.

ಕಿಲ್ಲಾ ರಸ್ತೆಗೆ ಬಾಗಿಲಿದ್ದ ಮುಂದಿನ ಕೋಣೆಯೇ ಅಂಗಡಿಯಾಯಿತು. ‘ಭುವನಾ ಡಿಸೈನರ್ಸ್’ ಎಂದು ಬೋರ್ಡು ಬರೆಸಿದಳು. ಪತ್ರಿಕೆ ಹಂಚುವವನಿಗೆ ಹೇಳಿ ಮನೆಮನೆಗೆ ಹ್ಯಾಂಡ್‌ಬಿಲ್ ಹಾಕಿಸಿದಳು. ಹನ್ನೆರಡು ಬಗೆಯ ಕುತ್ತಿಗೆ, ಎಂಟು ಬಗೆಯ ತೋಳು ಹೊಲಿದು ಗೋಡೆಗೆ ತೂಗುಹಾಕಿದಳು. ಅದೇ ಕೋಣೆಯ ಮೂಲೆಯಲ್ಲಿ ಗೆಳತಿ ಅರ್ಷಿಯಾ ತನ್ನ ಕಾರಚೋಬನ್ನು, ಅಂದರೆ ಬಟ್ಟೆ ಬಿಗಿದು ಜರಿ ಕಸೂತಿ ಮಾಡುವ ಮರದ ಚೌಕಟ್ಟನ್ನು, ಇಟ್ಟುಕೊಂಡು ಕುಳಿತಳು. ಅವಳ ಮನೆತನಕ್ಕೆ ಆ ಕೆಲಸ ತಾತನ ಕಾಲದಿಂದ ಬಂದಿತ್ತು.

ಸೀರೆಗೆ ಫಾಲ್ ಹಚ್ಚುವ ಕೆಲಸ ಬಂತು. ಮಕ್ಕಳ ಫ್ರಾಕು ಬಂದವು. ಮದುವೆಯ ಬಟ್ಟೆ ಮಾತ್ರ ಒಂದೂ ಬರಲಿಲ್ಲ. ಇಂಥ ಊರಿನಲ್ಲಿ ಹೊಲಿಗೆಯವರು ಉಳಿಯುವುದು ಮದುವೆಯ ಬಟ್ಟೆಯಿಂದಲೇ.

ಒಂದು ಮಧ್ಯಾಹ್ನ ಮೋರಖಂಡಿಯ ಗಂಗುಬಾಯಿ ಎಂಬಾಕೆ ಹಿರಿಯ ಮಗಳ ಮದುವೆಯ ಜಂಪರಿಗೆಂದು ಹಸಿರು ರೇಷ್ಮೆಯ ತುಂಡು ತಂದಳು. ಗೋಡೆಯ ಮೇಲಿನ ಮಾದರಿಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಒಂದು ಕುತ್ತಿಗೆ ಮೆಚ್ಚಿದಳು.

“ಇದನ್ನ ಕತ್ತರಸೋರು ಯಾರ್ರಿ?”

“ನಾನೇರಿ.”

ಗಂಗುಬಾಯಿಯ ಕಣ್ಣು ಭುವನೇಶ್ವರಿಯ ಹಣೆಗೆ ಹೋಯಿತು. ಅಲ್ಲಿಂದ ಮೊಳಕೈಯವರೆಗೆ ಬರಿದಾಗಿದ್ದ ಕೈಗೆ ಇಳಿಯಿತು. ರೇಷ್ಮೆಯನ್ನು ನಿಧಾನವಾಗಿ ಮಡಚಿ ಚೀಲದಲ್ಲಿಟ್ಟುಕೊಂಡಳು. “ಮನ್ಯಾಗ ಒಂದ್ ಮಾತು ಕೇಳ್ಕೊಂಡ್ ಬರ್ತೀನ್ರಿ” ಎಂದವಳು ಮತ್ತೆ ಬರಲಿಲ್ಲ. ಅಂಥವರು ಆ ಬೇಸಿಗೆಯಲ್ಲಿ ಏಳು ಮಂದಿ.

ಅರ್ಷಿಯಾ ಸೂಜಿಯಿಂದ ತಲೆ ಎತ್ತದೆಯೇ ಹೇಳಿದಳು: “ನಿನ್ನ ಕೈಗೆ ಏನೂ ಆಗಿಲ್ಲ ಭುವನಾ. ಖರೇ ಹೇಳ್ಬೇಕಂದ್ರ, ಜನಕ್ಕ ನಿನ್ನ ಕೆಲಸ ಪಸಂದ್ ಅದ. ಮುಂದ ಯಾರ್ ಕುಂತಾರ ಅನ್ನೋದೇ ತ್ರಾಸು. ಶೀತಲ್‌ನ ಮುಂದ ಕೂಡಿಸು.”

ಒಂದು ವಾರದ ಮೇಲೆ ಭುವನೇಶ್ವರಿ ತಾನೇ ಹೋಗಿ ಪೇಂಟರನ್ನು ಕರೆತಂದಳು. ‘ಶೀತಲ್ ಫ್ಯಾಷನ್ಸ್’ ಎಂಬ ಅಕ್ಷರಗಳ ಆಕಾರವನ್ನೂ ತಾನೇ ಕಾಗದದ ಮೇಲೆ ಬರೆದುಕೊಟ್ಟಳು. ಕೋಣೆಯ ನಡುವೆ ಒಂದು ಪರದೆ ಬಂತು. ಮುಂದೆ ಕುರ್ಚಿ, ಕನ್ನಡಿ ಮತ್ತು ಶೀತಲ್. ಹಿಂದೆ ಮಶಿನು, ಕತ್ತರಿಸುವ ಮೇಜು ಮತ್ತು ಭುವನೇಶ್ವರಿ.

ಶೀತಲ್‌ಗೆ ಆಗ ಹತ್ತೊಂಬತ್ತು ವರ್ಷ. ನೋಡಲು ಚೆಲುವೆ, ಮಾತು ಬಲ್ಲವಳು. ಅಳತೆ ತೆಗೆಯುವುದನ್ನು, ದಪ್ಪ ಮೈಯವರಿಗೆ ಯಾವ ಕುತ್ತಿಗೆ ಒಪ್ಪುತ್ತದೆ, ಕಪ್ಪು ಮೈಬಣ್ಣಕ್ಕೆ ಯಾವ ಬಣ್ಣ ಎದ್ದು ಕಾಣುತ್ತದೆ ಎನ್ನುವುದನ್ನು ಭುವನೇಶ್ವರಿ ಅವಳಿಗೆ ಪಾಠದಂತೆ ಕಲಿಸಿದಳು. ಊರಿನ ಪ್ರತಿ ಮದುವೆಗೂ ಅವಳನ್ನು ಹೊಸ ಡ್ರೆಸ್ ಹಾಕಿ ಕಳಿಸಿದಳು. ಒಂದು ಮದುವೆಗೆ ಹಾಕಿದ್ದು ಇನ್ನೊಂದಕ್ಕಿಲ್ಲ. ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ಹೆಸರಿನ ಸ್ಲೈಡು ಬೀಳುವಂತೆ ಮಾಡಿದಳು. ಅದೇ ಓಣಿಯ ಯುನೂಸನ ಆಟೋಗೆ ಮೈಕು ಕಟ್ಟಿಸಿ, ಅವನು ಓದಬೇಕಾದ ಮಾತುಗಳನ್ನು ಬರೆದುಕೊಟ್ಟಳು: “ತಾಯಂದಿರೇ, ಅಕ್ಕತಂಗಿಯರೇ, ಹೈದರಾಬಾದಿನ ಫ್ಯಾಷನ್ ಈಗ ಕಿಲ್ಲಾ ರಸ್ತೆಯಲ್ಲಿ! ಶೀತಲ್ ಅವರ ಕೈಚಳಕ ಒಮ್ಮೆ ನೋಡಿ!” ಯುನೂಸ್ ಅದನ್ನು ಕನ್ನಡದಲ್ಲೊಮ್ಮೆ, ಉರ್ದುವಿನಲ್ಲೊಮ್ಮೆ ಕೂಗುತ್ತ ಸಂತೆಯ ದಿನ ನಾಲ್ಕು ಸುತ್ತು ಹಾಕುತ್ತಿದ್ದ. ಮಿಕ್ಕ ಬಟ್ಟೆಯ ಚೂರುಗಳಿಂದ ಪುಟ್ಟ ಬಟವೆ ಚೀಲಗಳನ್ನು ಹೊಲಿದು, ಅರ್ಷಿಯಾಳಿಂದ ಅವುಗಳ ಮೇಲೆ ಅಂಗಡಿಯ ಹೆಸರು ಕಸೂತಿ ಮಾಡಿಸಿ, ಮದುಮಗಳ ಜಂಪರಿನ ಜೊತೆ ಫುಕಟ್ ಕೊಟ್ಟಳು. ಆ ಬಟವೆಗಳು ಮದುವೆ ಮನೆಗಳಲ್ಲಿ ಕೈಯಿಂದ ಕೈಗೆ ಓಡಾಡಿದವು.

ಎರಡೇ ವರ್ಷದಲ್ಲಿ ‘ಶೀತಲ್ ಕಡೆ ಹೊಲಿಸಿದ್ದು’ ಎನ್ನುವುದು ಹೆಣ್ಣುಮಕ್ಕಳ ಬಾಯಲ್ಲಿ ದೊಡ್ಡ ಮಾತಾಯಿತು. ಗಂಗುಬಾಯಿಯೂ ತಿರುಗಿ ಬಂದಳು, ಈ ಸಲ ಕಿರಿಯ ಮಗಳು ಗಯಾಬಾಯಿಯ ಮದುವೆಗೆ. ಪರದೆಯ ಹಿಂದೆ ನಿಂತು ಭುವನೇಶ್ವರಿ ಅವಳ ದನಿ ಗುರುತಿಸಿದಳು. ಆ ಜಂಪರನ್ನು ಬೇರೆಲ್ಲಕ್ಕಿಂತ ಹೆಚ್ಚು ಮನಸ್ಸಿಟ್ಟು ಹೊಲಿದಳು. ಏಕೆಂದು ಅವಳಿಗೇ ತಿಳಿಯಲಿಲ್ಲ.

೨೦೦೧ರಲ್ಲಿ ಹುಮನಾಬಾದಿನ ಒಂದು ಕಲ್ಯಾಣ ಮಂಟಪದಲ್ಲಿ ಬಟ್ಟೆಗಳ ಪ್ರದರ್ಶನ ಇಟ್ಟರು. ಅದೂ ಭುವನೇಶ್ವರಿಯದೇ ಯೋಚನೆ. ಕಾಲೇಜಿನ ಎಂಟು ಹುಡುಗಿಯರು ಅವಳ ಎಂಟು ಉಡುಪು ತೊಟ್ಟು ವೇದಿಕೆಯ ಮೇಲೆ ನಡೆದರು. ಅವಳು ಹಿಂದಿನ ಕೋಣೆಯಲ್ಲಿ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಒಬ್ಬೊಬ್ಬಳನ್ನೇ ಸರಿಮಾಡಿ ಹೊರಗೆ ಕಳಿಸುತ್ತಿದ್ದಳು. ಮಹಿಳಾ ಮಂಡಳದ ಅಧ್ಯಕ್ಷೆ ಮೈಕಿನಲ್ಲಿ ಕೇಳಿದ್ದು ಕೇಳಿಸಿತು: “ಇಷ್ಟ್ ಚಲೋ ಡಿಸೈನ್ ಯಾರ ಕಡೆ ಕಲ್ತೀರಿ?”

ಶೀತಲ್ ಮೈಕು ಕೈಗೆ ತೆಗೆದುಕೊಂಡಳು. “ಯಾರ ಕಡೆನೂ ಇಲ್ರಿ. ಸಣ್ಣಾಕಿ ಇದ್ದಾಗಿಂದ ನಂಗ ತಾನಾಗೇ ಬರ್ತದ.”

ಚಪ್ಪಾಳೆ ಬಿತ್ತು. ಒಳಗೆ ತೋಳು ಚಾಚಿ ನಿಂತಿದ್ದ ಹುಡುಗಿ, “ಅಕ್ಕಾ, ಪಿನ್ನು ಹಚ್ರಿ, ನನ್ನ ಪಾಳಿ ಬಂತು” ಎಂದಾಗಲೇ ಭುವನೇಶ್ವರಿಗೆ ತನ್ನ ಕೈ ನಿಂತಿರುವುದು ಗೊತ್ತಾದದ್ದು.

ಊರಿಗೆ ಮರಳುವ ಬಸ್ಸಿನಲ್ಲಿ ಶೀತಲ್ ಕೇಳಿದಳು. “ವೈನಿ, ನಾ ಹಂಗ ಹೇಳಿದ್ದು ಬ್ಯಾಸರಾತೇನು?”

“ಹಂಗ ಹೇಳ್ಬೇಕಂತ ನಾವೇ ಬರ್ದಿದ್ವಲ್ಲ.”

“ತಾನಾಗೇ ಬರ್ತದ ಅನ್ನೋದು ನೀವು ಬರ್ದಿದ್ದಿಲ್ಲ” ಎಂದು ಶೀತಲ್ ಕಿಟಕಿಯ ಹೊರಗೆ ಮುಖ ತಿರುಗಿಸಿದಳು.

ಆ ಪ್ರದರ್ಶನಕ್ಕೆ ಬಂದಿದ್ದವರಲ್ಲಿ ಹುಮನಾಬಾದಿನ ಬಟ್ಟೆ ವ್ಯಾಪಾರಿಯ ಮಗ ಸತೀಶಕುಮಾರನೂ ಒಬ್ಬ. ತಿಂಗಳೊಳಗೆ ಅವರ ಮನೆಯಿಂದ ಹೆಣ್ಣು ಕೇಳಿಕೊಂಡು ಬಂದರು. ಮಾಣಿಕನಗರದ ದಾರಿಯಲ್ಲಿ ಅವರದೊಂದು ಮಳಿಗೆ ಖಾಲಿ ಇದೆ, ಮದುವೆಯಾದ ಮೇಲೆ ಶೀತಲ್ ಅಲ್ಲೇ ತನ್ನ ಅಂಗಡಿ ನಡೆಸಬಹುದು ಎಂದರು. ತುಳಜಾಬಾಯಿಯ ಕಣ್ಣಲ್ಲಿ ನೀರು ಬಂತು. ಮಗ ಹೋದ ಮೇಲೆ ಆ ಮನೆಗೆ ಬಂದ ಮೊದಲ ಸಂತೋಷ ಅದು. ಭುವನೇಶ್ವರಿಯೂ ಸಂತೋಷಪಟ್ಟಳು. ಹಸಿರು, ಕೆಂಪು, ಹಳದಿ ಮೂರೂ ಬಣ್ಣದ ಜರಿ ತರಿಸಿ, ನಾದಿನಿಯ ಮದುವೆಯ ಜಂಪರಿನ ಚಿತ್ರ ಬರೆಯತೊಡಗಿದಳು.

ತುಳಜಾಬಾಯಿ ಪಕ್ಕದಲ್ಲಿ ಬಂದು ಕುಳಿತು ಜರಿಯ ಉಂಡೆಗಳನ್ನು ಒಂದೊಂದಾಗಿ ಬದಿಗೆ ಸರಿಸಿದಳು. ಕೊನೆಗೆ ಹೇಳಿದಳು: “ಭುವನಾ, ತಪ್ಪು ತಿಳ್ಕೋಬ್ಯಾಡ. ಶೀತಲ್‌ಂದು ಸೊಲ್ಲಾಪುರದಾಗ ಹೊಲಸೂಣು.”

“ಯಾಕ್ರಿ ಅತ್ತಿ?”

“ಮಂದಿದು ಬ್ಯಾರೆ. ಇದು ನನ್ನ ಮಗಳ್ದು.”

ಭುವನೇಶ್ವರಿ ಶೀತಲ್‌ಳ ಕಡೆ ನೋಡಿದಳು. ಶೀತಲ್ ಕನ್ನಡಿಯ ಮುಂದೆ ಜಡೆ ಬಿಚ್ಚುತ್ತಿದ್ದಳು. ಬಿಚ್ಚಿದ್ದನ್ನೇ ಮತ್ತೆ ಹೆಣೆದಳು. ಮೂಲೆಯಲ್ಲಿದ್ದ ಅರ್ಷಿಯಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಮನೆಗೆ ಹೋದಳು. ಆ ಮನೆಯಲ್ಲಿ ನಾಲ್ಕು ವರ್ಷದಿಂದ ಒಲೆ ಉರಿದದ್ದು ಯಾರ ಕೈಯಿಂದ ಎಂದು ಭುವನೇಶ್ವರಿ ಕೇಳಬಹುದಿತ್ತು. ಕೇಳಲಿಲ್ಲ.

ಸೊಲ್ಲಾಪುರದಿಂದ ಬಂದ ಜಂಪರು ಮದುವೆಯ ಬೆಳಿಗ್ಗೆ ಶೀತಲ್‌ಗೆ ಆಗಲಿಲ್ಲ. ತೋಳಿನ ಬುಡದಲ್ಲಿ ಬಿಗಿದು, ಕೈ ಮೇಲೆತ್ತಲು ಬಾರದಂತಾಗಿತ್ತು. ಮಂಟಪದಲ್ಲಿ ವಾಲಗ ಶುರುವಾಗಿತ್ತು. ಭುವನೇಶ್ವರಿ ಹಿಂದಿನ ಉಗ್ರಾಣದಲ್ಲಿ ಎಲೆ ಅಡಿಕೆ ಜೋಡಿಸುತ್ತ ಕುಳಿತಿದ್ದಳು. ಶೀತಲ್ ಶಾಲು ಹೊದ್ದು ಒಳಗೆ ಬಂದಳು. ಜಂಪರನ್ನು ಅವಳ ಮಡಿಲಲ್ಲಿಟ್ಟು ತಲೆ ತಗ್ಗಿಸಿ ನಿಂತಳು. ತುಳಜಾಬಾಯಿ ಬಾಗಿಲು ಎಳೆದುಕೊಂಡು ಹೊರಗೆ ನಿಂತಳು. ಒಳಗೆ ಬರಲು ಬಂದವರಿಗೆ “ಹುಡುಗಿ ಸೀರಿ ಉಡಾಕತ್ತಾಳ್ರಿ, ಸ್ವಲ್ಪ ತಡೀರಿ” ಎನ್ನುತ್ತಿದ್ದಳು.

ಭುವನೇಶ್ವರಿ ಹೊಲಿಗೆ ಬಿಚ್ಚಿದಳು. ಒಳಗೆ ಬಿಟ್ಟಿದ್ದ ಅರ್ಧ ಇಂಚು ಬಟ್ಟೆಯನ್ನು ಹೊರಗೆಳೆದು, ಕೈಯಲ್ಲೇ ಹೊಲಿದು, ತಾನೇ ತೊಡಿಸಿ ಗುಂಡಿ ಹಾಕಿದಳು. “ಕೈ ಎತ್ತು” ಎಂದಳು. ಶೀತಲ್ ಎರಡೂ ಕೈ ಎತ್ತಿದಳು. ಸರಿಹೋಗಿತ್ತು. “ವೈನಿ...” ಎಂದು ಶೀತಲ್ ಏನೋ ಹೇಳಲು ಹೋದಳು. ಅಷ್ಟರಲ್ಲಿ ತುಳಜಾಬಾಯಿ ಬಾಗಿಲು ತೆರೆದು, “ಜಲ್ದಿ ಬಾ” ಎಂದು ಕರೆದೊಯ್ದಳು.

ಹುಮನಾಬಾದಿನಲ್ಲಿ ‘ಶೀತಲ್ ಫ್ಯಾಷನ್ಸ್’ ಶುರುವಾಯಿತು. ಗಾಜಿನ ಬಾಗಿಲು, ಗೊಂಬೆಗಳ ಮೇಲೆ ಲೈಟು, ಕೇಬಲ್ ಟೀವಿಯಲ್ಲಿ ದಿನಕ್ಕೆ ಹತ್ತು ಸಲ ಜಾಹೀರಾತು. ಬಸವಕಲ್ಯಾಣದ ಅಂಗಡಿಯ ಬೋರ್ಡಿನಲ್ಲೂ ಅದೇ ಹೆಸರಿತ್ತು. ಆದರೆ ಬಂದ ಹೆಂಗಸರು ಖಾಲಿ ಕುರ್ಚಿ ನೋಡಿ, “ಶೀತಲ್ ಇಲ್ಲೇನ್ರಿ? ಹಂಗಾರ ಹುಮನಾಬಾದಕ್ಕೇ ಹೋಗ್ತೀವಿ” ಎಂದು ತಿರುಗಿದರು. ಮೊದಲ ವರ್ಷ ಹುಮನಾಬಾದಿನ ಬಟ್ಟೆಯ ಗಂಟುಗಳು ಬಸ್ಸಿನಲ್ಲಿ ಭುವನೇಶ್ವರಿಯ ಬಳಿಗೇ ಬಂದವು. ಪ್ರತಿ ತುಂಡಿಗೂ ಅಳತೆಯ ಚೀಟಿ ಪಿನ್ನು ಹಚ್ಚಿರುತ್ತಿತ್ತು. ಆಮೇಲೆ ಸತೀಶಕುಮಾರ ಹೈದರಾಬಾದಿನಿಂದ ಟೇಲರುಗಳನ್ನು ಕರೆಸಿಕೊಂಡ. ಗಂಟುಗಳು ಬರುವುದು ನಿಂತಿತು.

ಆಗ ಭುವನೇಶ್ವರಿ ಒಂದು ಹ್ಯಾಂಡ್‌ಬಿಲ್ ಬರೆದಳು. ‘ಶೀತಲ್ ಫ್ಯಾಷನ್ಸ್ ಹೆಸರಿನಲ್ಲಿ ಐದು ವರ್ಷ ನೀವು ಮೆಚ್ಚಿದ ಪ್ರತಿಯೊಂದು ಉಡುಪನ್ನೂ ಕತ್ತರಿಸಿ ಹೊಲಿದವಳು ನಾನು. ನಾನು ಇಲ್ಲೇ ಇದ್ದೇನೆ. ಭುವನೇಶ್ವರಿ, ಕಿಲ್ಲಾ ರಸ್ತೆ.’

ಅರ್ಷಿಯಾ ಓದಿ ಕಾಗದವನ್ನು ತಿರುವಿಟ್ಟಳು. “ಇದು ಖರೇ ಅದ. ಆದ್ರ ಹಂಚಬ್ಯಾಡ.”

“ಯಾಕ? ಸುಳ್ಳು ಹಂಚುವಾಗ ನೀನೇ ಸಂಗಾಟ ಇದ್ದಿ.”

“ಸುಳ್ಳಿನಿಂದ ಯಾರಿಗೂ ತ್ರಾಸ್ ಆಗಿದ್ದಿಲ್ಲ, ಭುವನಾ.”

ಭುವನೇಶ್ವರಿ ಕೇಳಲಿಲ್ಲ. ಯುನೂಸನಿಗೂ ಹೇಳಲಿಲ್ಲ. ತಾನೇ ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಹೆಣ್ಣುಮಕ್ಕಳ ಶಾಲೆಯ ಮುಂದೆ ನಿಂತು ಒಬ್ಬೊಬ್ಬರ ಕೈಗೇ ಕೊಟ್ಟಳು. ಎಂಟು ದಿನ ಕಾದಳು.

ಒಂಬತ್ತನೆಯ ದಿನ ಗಂಗುಬಾಯಿ ಬಂದಳು. ಕೈಯಲ್ಲಿ ಆ ಕಾಗದವಿತ್ತು. ಬೆನ್ನ ಹಿಂದೆ ಗಯಾಬಾಯಿ ನಿಂತಿದ್ದಳು. ಅವಳು ಗಂಡನ ಮನೆ ಬಿಟ್ಟು ಬಂದು ಏಳು ತಿಂಗಳಾಗಿತ್ತು ಎಂದು ಊರಿಗೆಲ್ಲ ಗೊತ್ತಿತ್ತು.

“ನನ್ನ ಮಗಳ ಜಂಪರ ನೀನೇ ಹೊಲ್ದಿದ್ದೇನು?”

“ಹೌದ್ರಿ.”

“ಮೊದಲ ಸಲ ನಾ ತಿರುಗಿ ಹೋದಾಗೇ ನಿನಗ ತಿಳೀಬೇಕಿತ್ತು. ಪರದೆ ಹಾಕ್ಕೊಂಡು ಮೋಸ ಮಾಡಿದಿ. ಈಗ ನೋಡು, ಹ್ಯಾಂಗ ಬಂದು ನಿಂತಾಳ. ನೋಡು ಈಕಿನ್ನ!” ಮಗಳ ತೋಳು ಹಿಡಿದು ಮುಂದಕ್ಕೆಳೆದಳು. ರಸ್ತೆಯಲ್ಲಿ ಜನ ನಿಂತರು.

“ಅವ್ವಾ, ಅವ ಕುಡ್ದು ಹೊಡೀತಿದ್ದ. ಜಂಪರ ಏನ್ ಮಾಡೀತು?” ಎಂದಳು ಗಯಾಬಾಯಿ, ಬಹಳ ಸಣ್ಣ ದನಿಯಲ್ಲಿ. ತಾಯಿ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನಿಂತ ಜನರಿಗೂ ಕೇಳಿಸಿದಂತೆ ಕಾಣಲಿಲ್ಲ.

ಭುವನೇಶ್ವರಿಯ ಕಣ್ಣು ಆ ಹುಡುಗಿಯ ಮೊಳಕೈಯ ಮೇಲಿನ ಹಳೆಯ ಗಾಯಕ್ಕೆ ಹೋಯಿತು. ಗಂಗುಬಾಯಿ ಕಾಗದವನ್ನು ಹರಿದು ಹೊಸ್ತಿಲ ಮೇಲೆ ಹಾಕಿ, ಮಗಳನ್ನು ಎಳೆದುಕೊಂಡು ಹೋದಳು. ಆಮೇಲೆ ಆ ಅಂಗಡಿಗೆ ಫಾಲ್ ಹಚ್ಚಿಸಲೂ ಜನ ಬರಲಿಲ್ಲ. ಯಾವ ಮನೆಯಲ್ಲಿ ಮಗು ಬದುಕಲಿಲ್ಲವೋ, ಯಾವ ಮನೆಯಲ್ಲಿ ಜಗಳವಾಯಿತೋ, ಅಲ್ಲೆಲ್ಲ ಹೆಂಗಸರು ಮದುವೆಯ ಜಂಪರನ್ನು ಪೆಟ್ಟಿಗೆಯಿಂದ ತೆಗೆದು ನೋಡತೊಡಗಿದ್ದರು. ಅರ್ಷಿಯಾ ಇನ್ನೂ ಆರು ತಿಂಗಳು ಬಂದು ಕುಳಿತಳು. ಕೆಲಸವಿಲ್ಲದೆ ಕೊನೆಗೆ ಚೌಕಟ್ಟು ಬಿಚ್ಚಿಕೊಂಡು ಹೈದರಾಬಾದಿಗೆ, ಅಣ್ಣನ ಮನೆಗೆ ಹೋದಳು.

೨೦೦೪ರ ದೀಪಾವಳಿಗೆ ಶೀತಲ್ ತವರಿಗೆ ಬಂದಳು. ಮೈ ತುಂಬಿಕೊಂಡಿತ್ತು, ಮುಖ ಇಳಿದಿತ್ತು. ತುಳಜಾಬಾಯಿ ಗುಡಿಗೆ ಹೋದ ಹೊತ್ತು ನೋಡಿ ಅತ್ತಿಗೆಯ ಬಳಿ ಕುಳಿತಳು.

“ವೈನಿ, ನಿಮ್ಮ ಕಟಿಂಗ್ ಅವ್ರ ಕೈಯಾಗ ಬರಂಗಿಲ್ಲ. ಗಿರಾಕಿ ಒಬ್ಬೊಬ್ರೇ ಬಿಡಾಕತ್ತಾರ. ಮನ್ಯಾಗ ದಿನಾ ನನಗೇ ಅಂತಾರ, ನಿಂಗೇ ಬರ್ತದಂತ ಹೇಳಿದ್ದಿ, ಕತ್ತರಸು ಮತ್ತ ಅಂತ. ನಂಗ ಏನ್ ಬರ್ತದ?” ಅವಳ ಕಣ್ಣು ತುಂಬಿತು. “ನೀವು ಬರ್ರಿ. ಮಳಿಗಿ ಮ್ಯಾಲ ಒಂದು ಖೋಲಿ ಅದ. ಯಾರಿಗೂ ಗೊತ್ತಾಗಂಗಿಲ್ಲ.”

ಭುವನೇಶ್ವರಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಹತ್ತೊಂಬತ್ತರ ಹುಡುಗಿಯನ್ನು ಕುರ್ಚಿಯ ಮೇಲೆ ಕೂರಿಸಿ ಮಾತು ಕಲಿಸಿದವಳು ತಾನೇ. ಅವಳ ಕೆನ್ನೆ ಒರೆಸಿದಳು.

“ಕೆಳಗ, ಮಳಿಗ್ಯಾಗ, ಎಲ್ಲಾರ ಎದುರಿಗಿ ಕೂಡಸ್ತಿದ್ರ ಬರ್ತೀನಿ.”

ಶೀತಲ್ ನೆಲ ನೋಡಿದಳು. “ಅವ್ರು ಒಪ್ಪಂಗಿಲ್ರಿ.”

“ಗೊತ್ತು.”

ಹೊರಗೆ ಮಕ್ಕಳು ಪಟಾಕಿ ಹಚ್ಚುತ್ತಿದ್ದರು. ತುಳಜಾಬಾಯಿ ಬಂದ ಸದ್ದಾಯಿತು. ಶೀತಲ್ ಎದ್ದು ಒಳಗೆ ಹೋದಳು. ಮರುದಿನ ಮೊದಲ ಬಸ್ಸಿಗೇ ಹುಮನಾಬಾದಿಗೆ ಹೊರಟಳು.

ಆ ಚಳಿಗಾಲದಿಂದ ಭುವನೇಶ್ವರಿ ನಿರ್ಣಾ ಎಂಬ ಹಳ್ಳಿಯ ಶಾಲೆಯೊಂದಕ್ಕೆ ಯೂನಿಫಾರ್ಮ್ ಹೊಲಿಯಲು ಹಿಡಿದಳು. ನೀಲಿ ಲಂಗ, ಬಿಳಿ ಅಂಗಿ, ಎಲ್ಲವೂ ಒಂದೇ ಕುತ್ತಿಗೆ, ಒಂದೇ ತೋಳು. ಅವನ್ನು ಯಾರು ಹೊಲಿದರೆಂದು ಯಾರೂ ಕೇಳುತ್ತಿರಲಿಲ್ಲ.